ಯಾರ ಜಾಮೀನಿನ ಮೇಲೆ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕರೆಗಂಟೆ ಬಾರಿಸಿತೆಂದರೆ ಬಂದವರು ಮೇಷ್ಟ್ರು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಫೆಲ್ಥಮ್‌ನಲ್ಲಿ ಮುಂಚೆ ತಿಳಿಸದೆ ಬಾಗಿಲಿಗೆ ಬರುವವರು ಇಬ್ಬರೇ, ಪಾರ್ಸೆಲ್ ತರುವ ಹುಡುಗ ಮತ್ತು ನಮ್ಮ ಮೇಷ್ಟ್ರು. ತಿಪಟೂರಿನ ಸುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಬೇಸಿಗೆಯ ಆರು ತಿಂಗಳು ಇಲ್ಲಿ ಮಗನ ಮನೆ, ಉಳಿದ ಆರು ತಿಂಗಳು ಅಲ್ಲಿ ತೆಂಗಿನ ತೋಟ. ಅವರ ಮಗನ ಮನೆಗೂ ನಮ್ಮ ಮನೆಗೂ ನಡುವೆ ಊರಿನ ಹಸಿರು ಬಯಲು, ಅದರಲ್ಲೊಂದು ಬಾತುಗಳ ಕೊಳ. ಮೇಷ್ಟ್ರು ಆ ಕೊಳಕ್ಕೆ ಒಂದು ಸುತ್ತು ಹಾಕಿ, ಹೀಥ್ರೋದ ವಿಮಾನಗಳನ್ನು ಒಂದೆರಡು ಸಲ ಕತ್ತೆತ್ತಿ ನೋಡಿ, ಆಮೇಲೆ ನಮ್ಮಲ್ಲಿಗೆ ಕಾಫಿಗೆ ಬರುತ್ತಾರೆ.

2022ರ ಜೂನ್ ತಿಂಗಳ ಒಂದು ಶನಿವಾರ ಅವರ ಕೈಚೀಲದಲ್ಲಿ ಮಗ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್ ಇತ್ತು. ವಿಮಾನ ನಿಲ್ದಾಣದ ಪಕ್ಕದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಂಪ್ಯೂಟರುಗಳ ಮೇಲ್ವಿಚಾರಣೆ ನನ್ನ ಕೆಲಸ. ಮದುವೆ ಮನೆಯಲ್ಲಿ ಡಾಕ್ಟರಿಗೆ ಆಗುವ ಗತಿಯೇ ನಮ್ಮವರ ನಡುವೆ ನನಗೂ ಆಗುತ್ತದೆ. ಎಲೆಯ ಮುಂದೆ ಕೂತಾಗಲೂ ಯಾರಾದರೊಬ್ಬರು ಫೋನು ಚಾಚಿ, ಇದಕ್ಕೇನೋ ಆಗಿದೆ ನೋಡಿ ಅನ್ನುತ್ತಾರೆ.

"ನೋಡಮ್ಮಾ, ಈ ಯಂತ್ರ ಬೆಳಿಗ್ಗೆಯಿಂದ ಯಾರನ್ನೋ ಕಳ್ಳ ಅಂತಿದೆ. ನನ್ನನ್ನೋ ಸರ್ಕಾರವನ್ನೋ ಗೊತ್ತಾಗ್ತಿಲ್ಲ" ಅಂದರು ಮೇಷ್ಟ್ರು.

ಪರದೆಯ ಮೇಲೆ ಫೈರ್‌ಫಾಕ್ಸ್‌ನ ಎಚ್ಚರಿಕೆ. ಮುಂದೆ ಭದ್ರತೆಯ ಅಪಾಯ ಇರಬಹುದು, ಈ ತಾಣದ ಪ್ರಮಾಣಪತ್ರವನ್ನು ನಂಬಲಾಗದು ಎಂಬ ಅರ್ಥದ ಒಂದು ಪುಟ. ಬೆಳಗಿನ ಪತ್ರಿಕೆಯೂ ತೆರೆಯದು, ಹವಾಮಾನವೂ ತೆರೆಯದು, ಯಾವ ತಾಣಕ್ಕೆ ಹೋದರೂ ಅದೇ ಪುಟ. ಎಲ್ಲ ತಾಣಗಳೂ ಒಂದೇ ದಿನ ಕೆಟ್ಟುಹೋಗುವುದಿಲ್ಲ. ಊರಿನವರೆಲ್ಲ ಕಳ್ಳರಾಗಿ ಕಂಡರೆ ಮೊದಲು ನೋಡಬೇಕಾದ್ದು ನಮ್ಮ ಕನ್ನಡಕವನ್ನು. ಮೂಲೆಯಲ್ಲಿದ್ದ ದಿನಾಂಕ ನೋಡಿದೆ. 2009ರ ಜನವರಿ 1. ಒಳಗಿನ ಗುಂಡಿಯಂಥ ಬ್ಯಾಟರಿ ಸತ್ತು, ಗಡಿಯಾರ ಹಿಂದಕ್ಕೆ ಓಡಿತ್ತು. ಪ್ರತಿ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಆಯುಸ್ಸು ಇರುತ್ತದೆ. 2009ರಲ್ಲಿ ಕುಳಿತ ಯಂತ್ರದ ಕಣ್ಣಿಗೆ 2022ರ ಪತ್ರಗಳೆಲ್ಲ ಇನ್ನೂ ಹುಟ್ಟದ ಮಕ್ಕಳು. ದಿನಾಂಕ ಸರಿಮಾಡಿದೆ, ಜಗತ್ತು ಮತ್ತೆ ನಂಬಿಕೆಗೆ ಅರ್ಹವಾಯಿತು.

"ಅಂದರೆ ದೋಷ ನೋಡುವವನ ಕಣ್ಣಲ್ಲಿತ್ತು" ಅಂದು ಮೇಷ್ಟ್ರು ನಕ್ಕರು.

ಒಂದು ತಾಣ ಮಾತ್ರ ಆಗಲೂ ತೆರೆಯಲಿಲ್ಲ. ಅವರ ಪಿಂಚಣಿಯ ಚೀಟಿ ಸಿಗಬೇಕಿದ್ದ ತಾಣ ಅದು. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ವಿವರ ತೆಗೆದು ನೋಡಿದೆ. ಪ್ರಮಾಣಪತ್ರದ ಅವಧಿ ಮುಗಿದು ಹನ್ನೊಂದು ದಿನ ಆಗಿತ್ತು. ಈ ಸಲ ದೋಷ ನಮ್ಮ ಕಡೆಯದಲ್ಲ. ಆ ಪುಟದ ಕೆಳಗೆ 'ಅಡ್ವಾನ್ಸ್ಡ್' ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಇನ್ನೊಂದು ಗುಂಡಿ, ಅಪಾಯ ಒಪ್ಪಿಕೊಂಡು ಮುಂದುವರಿಯಿರಿ ಎಂದು. ನಾನು ಎರಡನ್ನೂ ಒತ್ತಿದೆ.

"ಅಪಾಯ ಒಪ್ಪಿಕೊಂಡು ಅಂತಿದೆಯಲ್ಲಮ್ಮಾ, ಯಾರ ಅಪಾಯ?"

"ಏನಿಲ್ಲ ಮೇಷ್ಟ್ರೇ, ರಿನ್ಯೂ ಮಾಡೋದು ಮರೆತಿದ್ದಾರೆ ಅಷ್ಟೇ. ಮೇಲೆ ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಧೈರ್ಯವಾಗಿ ಹೋಗಿ. ಇಲ್ಲದಿದ್ದರೆ ನನ್ನನ್ನ ಕೇಳಿ."

ಮೇಷ್ಟ್ರು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ದುಂಡನೆಯ ಅಕ್ಷರದಲ್ಲಿ ಅದನ್ನು ಬರೆದುಕೊಂಡರು. ನಾನು ಕಾಫಿಗೆ ಹಾಲು ಇಡಲು ಹೋದೆ. ಅವರ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲವೆಂಬುದು ನನಗೆ ಹೊಳೆದದ್ದು ಐದು ತಿಂಗಳ ಮೇಲೆ.

ಅಂದು ಕಾಫಿ ಕುಡಿಯುತ್ತ, ಈ ಪ್ರಮಾಣಪತ್ರ ಕೊಡುವವರು ಯಾರು ಎಂದು ಅವರು ಕೇಳಿದ್ದರು. ಹೇಳಿದೆ. ತಾಣದವರು ಒಂದು ಸಂಸ್ಥೆಯ ಬಳಿ ಹೋಗುತ್ತಾರೆ. ಈ ವಿಳಾಸ ಇವರ ಕೈಯಲ್ಲೇ ಇದೆ ಎಂದು ಆ ಸಂಸ್ಥೆ ಪರೀಕ್ಷಿಸಿ, ತಾಣದ ಹೆಸರು, ಅದರ ಗುಪ್ತಲಿಪಿಯ ಬಹಿರಂಗ ಕೀಲಿ, ಆಯುಸ್ಸು ಇವನ್ನೆಲ್ಲ ಬರೆದು ಸಹಿ ಹಾಕಿ ಕೊಡುತ್ತದೆ. ಆ ಸಂಸ್ಥೆಯನ್ನು ನಂಬಬಹುದು ಎಂದು ಅದರ ಮೇಲಿನದೊಂದು ಸಹಿ ಹಾಕಿರುತ್ತದೆ. ಹಾಗೆ ಹತ್ತುತ್ತ ಹೋದರೆ ಕೊನೆಗೊಂದು ಬೇರು. ಆ ಬೇರಿಗೆ ಸಹಿ ಹಾಕುವವರು ಯಾರೂ ಇಲ್ಲ, ಅದು ತನಗೆ ತಾನೇ ಸಹಿ ಹಾಕಿಕೊಳ್ಳುತ್ತದೆ. ಅಂಥ ಬೇರುಗಳ ಒಂದು ಪಟ್ಟಿಯನ್ನು ಬ್ರೌಸರ್ ಮಾಡಿದವರು ಮೊದಲೇ ಒಳಗೆ ಇಟ್ಟಿರುತ್ತಾರೆ. ಪಟ್ಟಿಯಲ್ಲಿದ್ದರೆ ನಂಬಿಕಸ್ಥ, ಇಲ್ಲದಿದ್ದರೆ ಇಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನೂ ಒಂದು ಬೇರು" ಅಂದರು.

ಅವರ ಮಾತು ಸತ್ಯ. ಆ ಕಾಲದ ಹಳ್ಳಿಯಲ್ಲಿ ಮಕ್ಕಳು ಹುಟ್ಟಿದ್ದಕ್ಕೆ ದಾಖಲೆ ಎಂಬುದು ಅಪರೂಪ. ಶಾಲೆಗೆ ಸೇರಿಸಲು ಬಂದ ತಂದೆಗೆ ಮಗು ಹುಟ್ಟಿದ ದಿನ ಗೊತ್ತಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸು ಸಾಕೆಂದು ಮೇಷ್ಟ್ರು ಒಂದು ತಾರೀಖು ಬರೆಯುತ್ತಿದ್ದರು. ಶಾಲೆ ತೆರೆಯುವ ಕಾಲಕ್ಕೆ ಹೊಂದುವಂತೆ ಬಹಳ ಸಲ ಅದು ಜೂನ್ 1. ನಮ್ಮಪ್ಪನ ಹುಟ್ಟುಹಬ್ಬವೂ ಜೂನ್ 1. ಅವರು ಹುಟ್ಟಿದ್ದು ಸೊಗಡಿನ ಅವರೆಕಾಯಿ ಬಂದ ಕಾಲದಲ್ಲಿ ಎಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಅಂದರೆ ಡಿಸೆಂಬರೋ ಜನವರಿಯೋ. ಆದರೆ ಅಜ್ಜಿಯ ಮಾತಿಗೆ ಯಾವ ಮೊಹರೂ ಇರಲಿಲ್ಲ. ಮೇಷ್ಟ್ರ ಜೂನ್ 1 ವರ್ಗಾವಣೆ ಪತ್ರಕ್ಕೆ ಹೋಯಿತು, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಯ ಕಡತಕ್ಕೆ, ಪಾಸ್‌ಪೋರ್ಟಿಗೆ. ನನ್ನನ್ನು ನೋಡಲು ಬಂದಾಗ ಹೀಥ್ರೋದ ಅಧಿಕಾರಿ ಅದನ್ನು ನೋಡಿ ತಲೆಯಾಡಿಸಿದ. ಪ್ರತಿಯೊಬ್ಬನೂ ತನ್ನ ಹಿಂದಿನವನ ಸಹಿಯನ್ನು ಮಾತ್ರ ನೋಡಿದ್ದ.

ನಿಜವಾದ ಅವರೆಕಾಯಿಗೆ ಪ್ರಮಾಣವಿಲ್ಲ, ಊಹೆಯ ಜೂನ್ 1ಕ್ಕೆ ಲೋಕವೇ ಸಾಕ್ಷಿ. ಹಾಗೆಂದು ಮೇಷ್ಟ್ರು ಸುಳ್ಳುಗಾರರೇ? ಈ ಮಗು ಇದೆ, ಇದು ಇಂಥವರ ಮಗ, ಈ ಊರಿನದು ಎಂಬಷ್ಟನ್ನು ಅವರು ಕಣ್ಣಾರೆ ಕಂಡು ಬರೆದಿದ್ದರು. ತಾರೀಖು ಮಾತ್ರ ದಾಕ್ಷಿಣ್ಯದ್ದು. ಪ್ರಮಾಣಪತ್ರದಲ್ಲಿ ಯಾವ ಸಾಲು ಪರೀಕ್ಷಿಸಿದ್ದು, ಯಾವ ಸಾಲು ಸುಮ್ಮನೆ ತುಂಬಿದ್ದು ಎಂದು ಓದುವವನಿಗೆ ಕಾಣುವುದಿಲ್ಲ, ಒಂದೇ ಮೊಹರು ಎರಡರ ಮೇಲೂ ಬಿದ್ದಿರುತ್ತದೆ. ಈ ಫೆಲ್ಥಮ್‌ಗೂ ಅಂಥದ್ದೊಂದು ಕತೆ ಇದೆ. 1964ರಲ್ಲಿ ಜಾಂಜಿಬಾರ್‌ನ ಕ್ರಾಂತಿಯ ಹೊತ್ತಿಗೆ ಓಡಿಬಂದ ಒಂದು ಪಾರ್ಸಿ ಕುಟುಂಬ ಇಲ್ಲಿ ನೆಲೆಸಿತು. ಆ ಮನೆಯ ಮಗ ಫರೂಖ್ ಬಲ್ಸಾರಾ ಎಂದರೆ ಹೈಸ್ಟ್ರೀಟಿನಲ್ಲಿ ಮುಖ ಮುಖ ನೋಡುತ್ತಾರೆ. ಫ್ರೆಡ್ಡಿ ಮರ್ಕ್ಯುರಿ ಎಂದರೆ ಮನೆಯವರೆಗೂ ಬಂದು ತೋರಿಸುತ್ತಾರೆ.

ಬೇರು ಎಂಬ ಮಾತು ಬಂದದ್ದರಿಂದ, ನಮ್ಮ ದೇಶದ ಬೇರಿನದೇ ಒಂದು ಪ್ರಸಂಗವನ್ನು ಹೇಳಬೇಕು. 2014ರ ಜುಲೈ 2ರಂದು ಗೂಗಲ್‌ನವರಿಗೆ ತಮ್ಮ ತಾಣಗಳ ಹೆಸರಿನಲ್ಲಿ ತಾವು ಕೇಳಿಯೇ ಇರದ ಪ್ರಮಾಣಪತ್ರಗಳು ಓಡಾಡುತ್ತಿರುವುದು ಗೊತ್ತಾಯಿತು. ಅವುಗಳ ಮೇಲಿದ್ದದ್ದು ನಮ್ಮ ಸರ್ಕಾರಿ ಜಾಲತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿಯ ಸಹಿ. ಎನ್‌ಐಸಿಗೆ ಸಹಿ ಹಾಕುವ ಅಧಿಕಾರ ಕೊಟ್ಟಿದ್ದು ಭಾರತ ಸರ್ಕಾರದ ಪ್ರಮಾಣೀಕರಣ ನಿಯಂತ್ರಕರ ಕಚೇರಿ, ಸಿಸಿಎ. ಸಿಸಿಎಯ ಬೇರು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿತ್ತು. ಆದ್ದರಿಂದ ವಿಂಡೋಸ್ ಮೇಲೆ ಓಡುವ ಇಂಟರ್ನೆಟ್ ಎಕ್ಸ್‌ಪ್ಲೋರರ್ ಆ ಖೋಟಾ ಪತ್ರಗಳಿಗೆ ಕಣ್ಣು ಮುಚ್ಚಿ ಬಾಗಿಲು ತೆರೆಯುತ್ತಿತ್ತು. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿತ್ತು, ಅದರಲ್ಲಿ ಸಿಸಿಎ ಇರಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದ ಕಾರಣಕ್ಕೇ ಸಿಸಿಎ ಅಡಿಯ ಪ್ರಾಮಾಣಿಕ ತಾಣಗಳನ್ನೂ ಫೈರ್‌ಫಾಕ್ಸ್ ಅನುಮಾನದಿಂದ ನೋಡುತ್ತಿತ್ತು. ಅದೇ ಅನುಮಾನ ಈ ಸಲ ಅದನ್ನು ಕಾಪಾಡಿತು.

ಮರುದಿನವೇ ಸಿಸಿಎ ಎನ್‌ಐಸಿಯ ಆ ಅಧಿಕಾರಪತ್ರಗಳನ್ನು ರದ್ದು ಮಾಡಿತು. ಎನ್‌ಐಸಿಯ ಪ್ರಮಾಣಪತ್ರ ಕೊಡುವ ವ್ಯವಸ್ಥೆಗೇ ಕನ್ನ ಬಿದ್ದಿತ್ತು, ತಪ್ಪಾಗಿ ಹೋದದ್ದು ನಾಲ್ಕೇ ಪತ್ರ, ಮೂರು ಗೂಗಲ್ ಹೆಸರಿನವು, ಒಂದು ಯಾಹೂ ಹೆಸರಿನದು ಎಂದು ವಿಚಾರಣೆಯ ನಂತರ ತಿಳಿಸಿತು. ಆದರೆ ಆ ನಾಲ್ಕರ ಲೆಕ್ಕಕ್ಕೆ ಸೇರದ ಖೋಟಾ ಪತ್ರಗಳೂ ಗೂಗಲ್‌ನವರ ಕಣ್ಣಿಗೆ ಬಿದ್ದಿದ್ದವು. ಕನ್ನ ಎಷ್ಟು ದೊಡ್ಡದೆಂದು ಗೊತ್ತಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಮುಂದಿನ ಕ್ರೋಮ್‌ನಲ್ಲಿ ಭಾರತದ ಬೇರನ್ನು ಏಳೇ ವಿಳಾಸಗಳಿಗೆ ಸೀಮಿತಗೊಳಿಸುವುದಾಗಿ ಪ್ರಕಟಿಸಿದರು. ಸರ್ಕಾರದ ಮತ್ತು ವಿದ್ಯಾಸಂಸ್ಥೆಗಳ ವಿಳಾಸಗಳು, ರಿಸರ್ವ್ ಬ್ಯಾಂಕು, ಇನ್ನು ಕೆಲವು. ಅವರ ವಾದ ಸರಳವಾಗಿತ್ತು. ತನ್ನ ಅಧಿಕಾರದ ಅಡಿಯಲ್ಲಿ ಹೋದ ಪ್ರತಿ ಪತ್ರಕ್ಕೂ ಬೇರೇ ಹೊಣೆ.

ಮೊದಲ ಸಲ ಇದನ್ನು ಓದಿದಾಗ ನನಗೆ ರೋಷ ಬಂದಿತ್ತು. ಕ್ಯಾಲಿಫೋರ್ನಿಯದ ಒಂದು ಕಂಪನಿ ನೂರಿಪ್ಪತ್ತು ಕೋಟಿ ಜನರ ಸರ್ಕಾರವನ್ನು ಏಳು ಗೆರೆಗಳ ಒಳಗೆ ನಿಲ್ಲಿಸುವುದೇ, ಕನ್ನ ಬಿದ್ದದ್ದು ಎನ್‌ಐಸಿಯ ಮನೆಗೆ, ಶಿಕ್ಷೆ ಅದಕ್ಕೆ ಸಹಿ ಹಾಕಿದವರಿಗೇ ಎಂದು. ಈ ಪಟ್ಟಿ ಇಡುವ ಅಧಿಕಾರ ಇವರಿಗೆ ಕೊಟ್ಟವರಾರು ಎಂಬ ಪ್ರಶ್ನೆ ಈಗಲೂ ನನ್ನಲ್ಲಿದೆ, ಅದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ. ಆದರೆ ಸಹಿ ಹಾಕಿದವನೇ ಹೊಣೆ ಎಂಬ ಮಾತನ್ನು ಮಾತ್ರ ಈಗ ನಾನು ಅಲ್ಲಗಳೆಯಲಾರೆ. ಅದಕ್ಕೆ ಕಾರಣ 2022ರ ನವೆಂಬರ್.

ಪಿಂಚಣಿದಾರರಿಗೆ ನವೆಂಬರ್ ಎಂದರೆ ತಾವು ಬದುಕಿದ್ದೇವೆ ಎಂದು ರುಜುವಾತು ಮಾಡುವ ತಿಂಗಳು. ಜೀವಿತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರ ನವೆಂಬರಿನಿಂದ ಬೆರಳಚ್ಚಿನ ಮೂಲಕ ಕಂಪ್ಯೂಟರಿನಲ್ಲೇ ಕೊಡುವ 'ಜೀವನ್ ಪ್ರಮಾಣ್' ಏರ್ಪಾಡೂ ಬಂದಿದೆ. ನವೆಂಬರ್ ಬಂತೆಂದರೆ ಕಳ್ಳರಿಗೂ ಸುಗ್ಗಿ. ಮೇಷ್ಟ್ರು ಆಗ ತಿಪಟೂರಿನಲ್ಲಿದ್ದರು. ನಮ್ಮಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ, ಅಲ್ಲಿ ಒಂಬತ್ತೂವರೆ. ಫೋನು ಬಂತು. ಮೇಷ್ಟ್ರು ಅವೇಳೆಯಲ್ಲಿ ಫೋನು ಮಾಡುವವರಲ್ಲ.

"ಮಲಗಿದ್ಯೇನಮ್ಮಾ? ಏನೂ ಇಲ್ಲ, ಒಂದು ಮಾತು ಕೇಳೋಣ ಅಂತ" ಅಂದವರು ಎರಡು ನಿಮಿಷ ಮಾತೇ ಆಡಲಿಲ್ಲ.

ಹಿಂದಿನ ದಿನ ಒಂದು ಸಂದೇಶ ಬಂದಿತ್ತಂತೆ. ನಿಮ್ಮ ಜೀವಿತ ಪ್ರಮಾಣಪತ್ರ ಸಲ್ಲಿಕೆಯಾಗಿಲ್ಲ, ಇಂದೇ ಇಲ್ಲಿ ಒತ್ತಿ ಎಂದು. ಒತ್ತಿದರು. ಕಚೇರಿಯ ಲಾಂಛನ, ಅಚ್ಚುಕಟ್ಟಾದ ಕನ್ನಡ. ಖಾತೆಯ ಸಂಖ್ಯೆ ಕೇಳಿತು, ಕೊಟ್ಟರು. ಫೋನಿಗೆ ಬಂದ ಒಟಿಪಿ ಕೇಳಿತು, ಕೊಟ್ಟರು. ಸಂಜೆಗೆ ಎರಡು ತಿಂಗಳ ಪಿಂಚಣಿಯಷ್ಟು ಹಣ ಖಾತೆಯಲ್ಲಿರಲಿಲ್ಲ.

ಒತ್ತಬಾರದ ಗುಂಡಿಯನ್ನು ಒತ್ತಿ ಮುಂದೆ ಹೋಗಿರಬೇಕು, ಆ ಅಭ್ಯಾಸ ನಾನೇ ಕಲಿಸಿದ್ದು ಎಂದುಕೊಂಡು, "ಎಚ್ಚರಿಕೆಯ ಪುಟ ಬಂತಾ ಮೇಷ್ಟ್ರೇ? ನಂಬಬೇಡಿ ಅಂತ?" ಎಂದು ಕೇಳಿದೆ.

"ಇಲ್ಲಮ್ಮ. ಏನೂ ಬರಲಿಲ್ಲ. ಬೀಗದ ಚಿತ್ರ ಇತ್ತು. ನೋಟ್‌ಬುಕ್ ತೆಗೆದು ನೋಡಿಕೊಂಡೇ ಮಾಡಿದೆ."

ಆ ಮಾತಿನಲ್ಲಿ ಆಪಾದನೆ ಇರಲಿಲ್ಲ. ಪಾಠವನ್ನು ಸರಿಯಾಗಿ ಕಲಿತ ವಿದ್ಯಾರ್ಥಿಯ ಗೊಂದಲ ಇತ್ತು. ನಿಜವಾದ ಕಚೇರಿಯ ತಾಣ ಜೂನ್‌ನಲ್ಲಿ ಅಪಾಯವೆಂದು ಕಂಡಿತು. ಕಳ್ಳನ ತಾಣ ನವೆಂಬರ್‌ನಲ್ಲಿ ಬೀಗ ಹಾಕಿಕೊಂಡು ಸಭ್ಯವಾಗಿ ಕೂತಿತ್ತು.

ಬೀಗದ ಅರ್ಥ ನನಗೆ ಗೊತ್ತಿಲ್ಲದೆ ಇರಲಿಲ್ಲ. ಅದೇ ನನ್ನ ಅನ್ನ. ಮೊದಲು ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕಿತ್ತು, ದುಡ್ಡಿಲ್ಲದವರ ತಾಣಗಳು ತೆರೆದ ಅಂಚೆ ಕಾರ್ಡಿನಂತೆ ಓಡಾಡುತ್ತಿದ್ದವು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಏರ್ಪಾಡು ಬಂದು, ಯಾರು ಕೇಳಿದರೂ ತೊಂಬತ್ತು ದಿನದ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ, ಮನುಷ್ಯರ ಕೈ ತಾಗದೆ ಕೊಡಲು ಶುರುಮಾಡಿತು. ಅದು ಒಳ್ಳೆಯ ಕೆಲಸ, ನಾನೂ ಬಳಸುತ್ತೇನೆ. ಆದರೆ ಅದು ಪರೀಕ್ಷಿಸುವುದು ಇಷ್ಟನ್ನೇ: ಈ ವಿಳಾಸವನ್ನು ಆಳುತ್ತಿರುವವರು ಕೇಳಿದವರೇ ಹೌದೇ? ಅಂಚೆಯವನು ಇಂಥ ನಂಬರಿನ ಮನೆ ಇಲ್ಲೇ ಇದೆ ಎಂದು ಹೇಳಿದಂತೆ. ಆ ಮನೆಯಲ್ಲಿ ಇರುವವನು ಸಾಧುವೋ ಸುಲಿಗೆಗಾರನೋ ಎಂಬುದು ಅಂಚೆಯವನ ಕೆಲಸವಲ್ಲ. ಬೀಗ ಹೇಳುವುದು, ನೀನು ಯಾರೊಡನೆ ಮಾತಾಡುತ್ತಿದ್ದೀಯೋ ಅವನೊಡನೆ ಮಾತ್ರ ಮಾತಾಡುತ್ತಿದ್ದೀಯ, ನಡುವೆ ಕೇಳುವವರಿಲ್ಲ ಎಂದು. ಕಳ್ಳನೊಡನೆ ಗುಟ್ಟಾಗಿ ಮಾತಾಡಿದರೂ ಅದು ಗುಟ್ಟೇ. ಈ ತಪ್ಪು ತಿಳಿವಳಿಕೆ ಎಷ್ಟು ಬೇರೂರಿತ್ತೆಂದರೆ, ನಮ್ಮ ಪ್ರಸಂಗ ನಡೆದ ಮರುವರ್ಷ, 2023ರಲ್ಲಿ, ಗೂಗಲ್ ತನ್ನ ಕ್ರೋಮ್‌ನಿಂದ ಬೀಗದ ಚಿತ್ರವನ್ನೇ ತೆಗೆದುಹಾಕಿತು.

ಇದೆಲ್ಲ ಗೊತ್ತಿದ್ದೂ ನಾನು ಮೇಷ್ಟ್ರಿಗೆ 'ಧೈರ್ಯವಾಗಿ ಹೋಗಿ' ಎಂದಿದ್ದೆ. ನಮ್ಮ ಕತೆಗಳಲ್ಲೇ ಇದರ ಪಾಠ ಇತ್ತು. ಪರ್ಣಕುಟಿಯ ಮುಂದೆ ಬಂದವನ ಬಳಿ ಸನ್ಯಾಸಿಯ ಸಕಲ ಲಕ್ಷಣಗಳೂ ಇದ್ದವು, ಸೀತೆ ಮೋಸ ಹೋದಳು. ಅಶೋಕವನದಲ್ಲಿ ಅದೇ ಸೀತೆ ಕಪಿಯನ್ನು ಕಂಡು ಇದೂ ರಾವಣನ ಮಾಯೆಯೇ ಎಂದು ಹಿಂಜರಿದಳು, ಮಾತು ಕೇಳಿ, ಉಂಗುರ ನೋಡಿ, ಆಮೇಲೆ ನಂಬಿದಳು. ಬರೀ ಉಂಗುರ ಆಗಿದ್ದರೆ ಅದನ್ನೂ ಕದ್ದು ತರಬಹುದಿತ್ತು. ರಾಮ ಹೇಗಿದ್ದಾನೆ ಹೇಳು ಎಂದು ಅವಳು ಕೇಳಿದಳು. ಯಾರು ಎಂಬ ಪ್ರಶ್ನೆ ಮತ್ತು ಎಂಥವನು ಎಂಬ ಪ್ರಶ್ನೆ ಬೇರೆ ಬೇರೆ ಎಂದು ಅವಳಿಗೆ ಆ ಹೊತ್ತಿಗೆ ತಿಳಿದಿತ್ತು. ನಾನು ಎರಡನ್ನೂ ಒಂದು ಪುಟ್ಟ ಚಿತ್ರಕ್ಕೆ ಇಳಿಸಿ, ಕಾಫಿಗೆ ಹಾಲು ಇಡಲು ಹೋಗಿದ್ದೆ.

ಯಂತ್ರಗಳು ಇಷ್ಟು ಅನುಮಾನ ಪಡುವುದೇ ತಪ್ಪೆಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲೂ ಸತ್ಯವಿದೆ. ಕಾಗದವಿಲ್ಲದ ಪ್ರಾಮಾಣಿಕನನ್ನು ಕಾಗದವಿರುವ ಕಳ್ಳನಿಗಿಂತ ಕೀಳಾಗಿ ನೋಡುವುದನ್ನು ಈ ದೇಶದಲ್ಲಿ ನಾವು ಕಂಡಿದ್ದೇವೆ. ಕೆರಿಬಿಯನ್ ದ್ವೀಪಗಳಿಂದ 1948ರ ನಂತರ ಹಡಗುಗಳಲ್ಲಿ ಬಂದು ಇಲ್ಲಿನ ಬಸ್ಸು, ರೈಲು, ಆಸ್ಪತ್ರೆಗಳನ್ನು ನಡೆಸಿದವರ ಮಕ್ಕಳಿಗೆ, ನೀವು ಇಲ್ಲಿಯವರೆಂದು ರುಜುವಾತು ಮಾಡಿ ಎಂದು ಹೇಳಲಾಯಿತು. ಕೆಲಸ ಕಳೆದುಕೊಂಡರು, ಚಿಕಿತ್ಸೆ ನಿರಾಕರಿಸಲಾಯಿತು, ಕೆಲವರನ್ನು ದೇಶದಿಂದ ಹೊರಗೆ ಕಳಿಸಲಾಯಿತು. ಅವರು ಬಂದ ದಿನವನ್ನು ತೋರಿಸಬಹುದಾಗಿದ್ದ ಲ್ಯಾಂಡಿಂಗ್ ಕಾರ್ಡುಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು ಎಂಬುದು 2018ರಲ್ಲಿ ಹೊರಬಿತ್ತು. ಗಡಿಯ ಸರತಿಯಲ್ಲಿ ನಿಂತು ನನ್ನ ಬೆರಳುಗಳನ್ನು ಗಾಜಿನ ಮೇಲಿಟ್ಟಾಗಲೆಲ್ಲ, ನನ್ನನ್ನು ನಂಬುವ ಪಟ್ಟಿ ಎಲ್ಲಿದೆ, ಅದನ್ನು ಇಟ್ಟುಕೊಂಡವರು ಒಂದು ದಿನ ಎಸೆದುಬಿಟ್ಟರೆ ಏನು ಗತಿ ಎಂಬ ಯೋಚನೆ ಬಂದೇ ಬರುತ್ತದೆ. ಆದ್ದರಿಂದ, ನಂಬಲಾಗದು ಎಂಬ ಪುಟ ಕಂಡ ಕೂಡಲೇ ಎದುರಿನವರು ಕಳ್ಳರೆಂದು ತೀರ್ಮಾನಿಸುವವರ ಪಕ್ಷ ನಾನಲ್ಲ. ಬಹಳ ಸಲ ಅದು ಮರೆತ ನವೀಕರಣ, ಹಳೆಯ ಯಂತ್ರ, ಹೋಟೆಲಿನ ವೈಫೈ, ಅಥವಾ ಎಲ್ಲದರ ನಡುವೆ ಮೂಗು ತೂರಿಸುವ ಆಂಟಿವೈರಸ್.

ಹಾಗಾದರೆ ಗುಂಡಿ ಒತ್ತಬೇಕೇ, ಬೇಡವೇ? ಇದಕ್ಕೆ ನನಗೆ ಹೊಳೆದ ಉತ್ತರ ಒಬ್ಬ ಅಪರಿಚಿತ ಇರಾನಿನವನಿಂದ ಬಂದದ್ದು. 2011ರ ಬೇಸಿಗೆಯಲ್ಲಿ ಡಿಜಿನೋಟಾರ್ ಎಂಬ ನೆದರ್ಲೆಂಡ್ಸ್‌ನ ಪ್ರಮಾಣಪತ್ರ ಕಂಪನಿಗೆ ಕನ್ನ ಬಿತ್ತು. ಅಲ್ಲಿಂದ ಹೊರಟ ಗೂಗಲ್ ಹೆಸರಿನ ಖೋಟಾ ಪತ್ರವನ್ನಿಟ್ಟುಕೊಂಡು ಇರಾನಿನಲ್ಲಿ ಸುಮಾರು ಮೂರು ಲಕ್ಷ ಮಂದಿಯ ಜಿಮೇಲ್ ದಾರಿಗೆ ನಡುವೆ ಯಾರೋ ಕುಳಿತರು. ಆಗಸ್ಟ್ ಕೊನೆಗೆ ಒಬ್ಬ ಬಳಕೆದಾರನಿಗೆ ಕ್ರೋಮ್ ಎಚ್ಚರಿಕೆ ತೋರಿಸಿತು. ಅವನು ಅದನ್ನು ದಾಟಲು ಉಪಾಯ ಹುಡುಕಲಿಲ್ಲ. ಬೇರೆ ದಾರಿಯಲ್ಲಿ, ವಿಪಿಎನ್ ಮೂಲಕ, ಅದೇ ತಾಣಕ್ಕೆ ಹೋಗಿ ನೋಡಿದ. ಅಲ್ಲಿ ಎಚ್ಚರಿಕೆ ಇರಲಿಲ್ಲ. ಅಂದರೆ ದೋಷ ತಾಣದ್ದಲ್ಲ, ದಾರಿಯದು. ಇದೇಕೆ ಹೀಗೆ ಎಂದು ಬಹಿರಂಗವಾಗಿ ಕೇಳಿದ. ಆ ಒಂದು ಪ್ರಶ್ನೆಯಿಂದ ಇಡೀ ಮೋಸ ಬಯಲಾಯಿತು, ಬ್ರೌಸರುಗಳೆಲ್ಲ ಆ ಬೇರನ್ನು ಕಿತ್ತು ಹಾಕಿದವು, ಸೆಪ್ಟೆಂಬರಿನಲ್ಲಿ ಆ ಕಂಪನಿ ದಿವಾಳಿಯಾಯಿತು. ಅವನು ನಂಬಲೂ ಇಲ್ಲ, ಕಳ್ಳ ಎಂದು ಕೂಗಲೂ ಇಲ್ಲ. ಎರಡರ ನಡುವೆ ಕೇಳುವುದು ಎಂಬ ಒಂದು ಕೆಲಸ ಇದೆ, ಅದನ್ನು ಮಾಡಿದ.

ಜೂನ್‌ನಲ್ಲಿ ನಾನು ಮಾಡಬಹುದಿದ್ದದ್ದೂ ಅಷ್ಟೇ. ಆ ಕಚೇರಿಗೆ, ನಿಮ್ಮ ಪ್ರಮಾಣಪತ್ರ ಮುಗಿದಿದೆ ಎಂದು ಎರಡು ಸಾಲು ಬರೆದು ಕಾಯಬಹುದಿತ್ತು. ಇಪ್ಪತ್ತು ದಿನದಲ್ಲಿ ಅದು ತಾನಾಗಿ ಸರಿಹೋಗಿತ್ತು. ಮೇಷ್ಟ್ರಿಗೆ ಆ ಚೀಟಿ ಅಷ್ಟು ತುರ್ತಾಗಿ ಬೇಕೂ ಇರಲಿಲ್ಲ. ತುರ್ತು ಇದ್ದದ್ದು ನನಗೆ, ಗೊತ್ತಿರುವವಳು ಎನಿಸಿಕೊಳ್ಳುವ ತುರ್ತು. ಕೆಲವು ತಾಣಗಳಲ್ಲಿ, ಬ್ಯಾಂಕುಗಳಲ್ಲಿ ಮುಖ್ಯವಾಗಿ, ಆ ದಾಟುವ ಗುಂಡಿಯನ್ನೇ ಬ್ರೌಸರ್ ತೋರಿಸುವುದಿಲ್ಲ. ನನ್ನ ಅಪಾಯವನ್ನು ನಾನು ಒಪ್ಪಿಕೊಳ್ಳುವ ಹಕ್ಕನ್ನು ಯಂತ್ರ ಕಿತ್ತುಕೊಂಡಿತಲ್ಲ ಎಂದು ಹಿಂದೆ ಸಿಡುಕುತ್ತಿದ್ದೆ. ನನ್ನ ಮಟ್ಟಿಗೆ ಈಗಲೂ ಸಿಡುಕುತ್ತೇನೆ. ಆದರೆ ಆ ಶನಿವಾರ ಗುಂಡಿ ಒತ್ತಿದ ಬೆರಳು ಒಬ್ಬರದು, ಅಪಾಯ ಇನ್ನೊಬ್ಬರದು.

2023ರ ಮೇ ತಿಂಗಳಲ್ಲಿ ಮೇಷ್ಟ್ರು ಬಂದಾಗ, ಮೊದಲ ಶನಿವಾರವೇ ಹೇಳಿದೆ, ಹೋದ ಹಣವನ್ನು ನಾನು ಕೊಡುತ್ತೇನೆ ಎಂದು. ಅವರ ಮಗನಿಗೆ ಮುಜುಗರವಾಗಿ, "ಬಿಡಿ ಅಕ್ಕಾ, ಏನು ಮಾತಾಡ್ತೀರಿ" ಅಂದ. ಮೇಷ್ಟ್ರು ಅವನನ್ನು ಸುಮ್ಮನಿರಿಸಿ ತಮ್ಮದೊಂದು ಕತೆ ಹೇಳಿದರು. ಜೊತೆಯ ಶಿಕ್ಷಕರೊಬ್ಬರು ಸಹಕಾರ ಸಂಘದಲ್ಲಿ ಸಾಲ ಮಾಡುವಾಗ ಇವರು ಜಾಮೀನು ನಿಂತಿದ್ದರಂತೆ. ಅವರು ಕಟ್ಟಲಿಲ್ಲ. ನಾಲ್ಕು ವರ್ಷ ಇವರ ಸಂಬಳದಿಂದ ಮುರಿದುಕೊಂಡರು.

"ಅವನ ಮೇಲೆ ಕೋಪ ಬರಲಿಲ್ಲಮ್ಮ. ಸಹಿ ಹಾಕುವಾಗ ಅವನ ಮುಖ ನೋಡಿದ್ದೆ, ಪತ್ರ ಓದಿರಲಿಲ್ಲ. ಅವಧಿ ಎಷ್ಟು, ಬಡ್ಡಿ ಎಷ್ಟು, ಒಂದೂ ನೋಡಿರಲಿಲ್ಲ. ನಿನಗೆ ಪತ್ರ ಗೊತ್ತಿತ್ತು. ನಾನು ಎಂಥವನು, ಹೇಳಿದ್ದನ್ನ ಅಕ್ಷರಕ್ಕೆ ಅಕ್ಷರ ಪಾಲಿಸ್ತೀನಿ ಅನ್ನೋದನ್ನ ನೋಡಲಿಲ್ಲ."

ನಾನು ತಲೆ ತಗ್ಗಿಸಿಕೊಂಡೇ ಕೂತಿದ್ದೆ.

"ಅರ್ಧ ಕೊಡು" ಅಂದರು ಮೇಷ್ಟ್ರು. "ಪೂರ್ತಿ ಬೇಡ, ಒತ್ತಿದ ಬೆರಳು ಈ ಸಲ ನನ್ನದು. ಪೂರ್ತಿ ಬಿಟ್ಟರೆ ನಿನ್ನ ಮಾತಿಗೆ ಬೆಲೆನೇ ಇರಲಿಲ್ಲ ಅಂತ ನಾನು ಹೇಳಿದ ಹಾಗಾಗತ್ತೆ."

ಮಗನ ಮುಖ ಕೆಂಪಾಯಿತು. ನನಗೆ, ವಿಚಿತ್ರವೆಂದರೆ, ಆರು ತಿಂಗಳ ಭಾರ ಇಳಿದಂತಾಯಿತು. ಆ ದಿನವೇ ಕೊಟ್ಟೆ. ಅವರು ಎಣಿಸಿಕೊಂಡು, ನೋಟ್‌ಬುಕ್ಕಿನ ಆ ಹಳೆಯ ಸಾಲಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ಬೇರೇನೋ ಬರೆದರು. ಏನೆಂದು ನಾನು ಕೇಳಲಿಲ್ಲ.

ಆ ಬೇಸಿಗೆಯಲ್ಲೇ ಅವರ ಮನೆಗೆ ಮೊಮ್ಮಗಳು ಬಂದಳು. ಸೆಪ್ಟೆಂಬರಿನಲ್ಲಿ ಅವಳ ಬ್ರಿಟಿಷ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಮೊದಲ ಪಾಸ್‌ಪೋರ್ಟಿಗೆ ಸಂಬಂಧಿಕರಲ್ಲದ ಒಬ್ಬರು, ಅರ್ಜಿ ಹಾಕಿದ ತಂದೆಯನ್ನೋ ತಾಯಿಯನ್ನೋ ಎರಡು ವರ್ಷವಾದರೂ ಬಲ್ಲವರು, ಈ ಭಾವಚಿತ್ರ ಈ ಮಗುವಿನದೇ ಎಂದು ದೃಢಪಡಿಸಬೇಕು. ಹಿಂದೆ ಫೋಟೋದ ಬೆನ್ನ ಮೇಲೆ ಬರೆದು ಸಹಿ ಹಾಕುತ್ತಿದ್ದರು, ಈಗ ಇಮೇಲಿನಲ್ಲಿ ಕೊಂಡಿ ಬರುತ್ತದೆ. ನನ್ನ ಹೆಸರು ಕೊಟ್ಟಿದ್ದರು. ಕೊಂಡಿ ಬಂತು. ಕಳಿಸಿದ ವಿಳಾಸವನ್ನು ಅಕ್ಷರ ಅಕ್ಷರ ಓದಿದೆ, ತಾಣದ ವಿಳಾಸವನ್ನು ಮತ್ತೊಮ್ಮೆ ಓದಿದೆ, ಒಳಗೆ ಹೋದೆ. ಫೋಟೋದಲ್ಲಿ ಒಂದು ಮಗು ಕಣ್ಣು ಮುಚ್ಚಿ ಮಲಗಿತ್ತು. ಒಂದು ವರ್ಷದೊಳಗಿನ ಮಕ್ಕಳ ಕಣ್ಣು ತೆರೆದಿರಲೇಬೇಕೆಂಬ ನಿಯಮವಿಲ್ಲ. ನಿದ್ದೆ ಹೋದ ಎಳೆಯ ಮಕ್ಕಳೆಲ್ಲ ನನ್ನ ಕಣ್ಣಿಗೆ ಒಂದೇ ಥರ. ನಾಮಕರಣದ ದಿನ ನೋಡಿದ್ದು, ಆಗ ಇಪ್ಪತ್ತು ಜನರ ಕೈ ದಾಟಿ ದೂರದಲ್ಲಿತ್ತು. ಕೆಳಗೆ ಹಸಿರು ಗುಂಡಿ, ದೃಢಪಡಿಸುತ್ತೇನೆ ಎಂದು.

ಲ್ಯಾಪ್‌ಟಾಪ್ ಮುಚ್ಚದೆ ಹಾಗೇ ಎತ್ತಿಕೊಂಡು, ಕೋಟು ಹಾಕಿಕೊಂಡು ಬಯಲು ದಾಟಿ ಹೋದೆ. ಮೇಷ್ಟ್ರೇ ಬಾಗಿಲು ತೆಗೆದರು.

"ಏನಮ್ಮಾ, ಇವತ್ತು ಶನಿವಾರ ಅಲ್ಲವಲ್ಲ?"

"ಮಗೂನ ನೋಡಬೇಕಿತ್ತು ಮೇಷ್ಟ್ರೇ. ಸಹಿ ಹಾಕೋದಿದೆ."

ಅವರಿಗೆ ಅರ್ಥವಾಯಿತು. ಕನ್ನಡಕ ಹುಡುಕಿ ಹಾಕಿಕೊಂಡು ಪರದೆಯ ಮೇಲಿನ ವಿವರವನ್ನು ಮೇಲಿಂದ ಕೆಳಗೆ ಓದಿದರು. "ಈ ತಾರೀಖು ಮಾತ್ರ ನಾನು ಬರೆದದ್ದಲ್ಲ" ಅಂದರು. ಒಳಗಿನ ಕೋಣೆಯಲ್ಲಿ ತೊಟ್ಟಿಲ ಪಕ್ಕ ಕರೆದುಕೊಂಡು ಹೋದರು. ಫೋಟೋದ ಹಾಗೆಯೇ ಮುಷ್ಟಿ ಕಟ್ಟಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿತ್ತು.

"ಎಬ್ಬಿಸಲಾ?"

"ಬೇಡ ಮೇಷ್ಟ್ರೇ, ತಾನಾಗಿ ಏಳಲಿ" ಎಂದು ಕುರ್ಚಿ ಎಳೆದುಕೊಂಡು ಕೂತೆ. ಅವರು ಕಾಫಿಗೆ ಹಾಲು ಇಡಲು ಹೋದರು.